ಬಸ್ಸಿನಿಂದ ಇಳಿದವರು

೧೨ ಅಕ್ಟೋಬರ್ ೨೦೨೫, ಭಾನುವಾರ

ಕದರಮ್ಮ ನಾಳೆ ಆಸ್ಪತ್ರೆಗೆ ಬರುತ್ತಾಳೋ ಇಲ್ಲವೋ, ಮನಸ್ಸೆಲ್ಲ ಅಲ್ಲೇ ಇದೆ.

ಇವತ್ತಿನ ನಡಿಗೆ ಮುಗಿಸಿ ಮಲಗಿದರೂ ಕಾಲು ನಡೆಯುತ್ತಲೇ ಇದೆ. ಕಣ್ಣು ಮುಚ್ಚಿದರೆ ಮಿಡಿಗೇಶಿ ಬೆಟ್ಟ ರಂಗಪರದೆಯ ಹಾಗೆ ತೇಲುತ್ತಾ ಹಿಂದೆ ಸರಿಯುತ್ತಿದೆ. ಆಹಾ! ಹೋದ ವರ್ಷ ಈ ರಸ್ತೆಯಲ್ಲಿ ನಾವಿಬ್ಬರೇ: ನಾನು, ಸ್ತನ ಕ್ಯಾನ್ಸರ್ ವಾರ್ಡಿನಲ್ಲಿ ನನ್ನ ಪಕ್ಕದ ಮಂಚದಲ್ಲಿದ್ದ ಶಿರಾದ ನಜ್ಮುನ್ನೀಸಾ. ಬಡ ಹೆಂಗಸರ ತಪಾಸಣೆಗೆ ದೇಣಿಗೆ ಎತ್ತಲು ಮಧುಗಿರಿವರೆಗೆ ನಡೆಯುತ್ತೇವೆಂದು ಸವಾಲು ಹಾಕಿ ಹೊರಟರೆ, ಬಸ್ಸಿನವನು ಪಕ್ಕದಲ್ಲೇ ನಿಲ್ಲಿಸಿ, "ಹತ್ರಮ್ಮೋ, ಬಿಸ್ಲಾಗೆ ಯಾಕ್ ನಡೀತೀರಾ?" ಅಂದ. ಕರೆದವನಿಗೆ ಇಲ್ಲವೆನ್ನಲಾಗದೆ ಹತ್ತಿಬಿಟ್ಟೆವು! ಸವಾಲು ಅಲ್ಲಿಗೇ ಮುಗಿಯಿತು.

ಮರುವಾರ ಮತ್ತೆ ಹೊರಟೆವು. ಬಸ್ಸು ನಿಂತಾಗಲೆಲ್ಲ, ಅಪ್ಪನ ನಾಟಕಗಳಲ್ಲಿ ಕೊನೆಯ ಸಾಲಿಗೆ ಮುಟ್ಟಿಸುತ್ತಿದ್ದ ಕಂಠವೆತ್ತಿ, ಯಾಕೆ ನಡೆಯುತ್ತೇವೆಂದು ಕಿಟಕಿಗಳಿಗೆಲ್ಲ ಸಾರಿದೆ. ಒಬ್ಬೊಬ್ಬರೇ ಇಳಿದು ಜೊತೆಯಾದರು. ಈ ವರ್ಷ, ಇವತ್ತು, ಎಂಬತ್ತು ಜನ ನಡೆದೆವು.

ಇವತ್ತು ಇಳಿದವಳು ಕದರಮ್ಮ, ಪಾವಗಡದ ಕಡೆಯವಳು. ಎರಡು ಮೈಲಿ ನನ್ನ ಪಕ್ಕದಲ್ಲೇ ನಡೆದು ಬಂದು, ಸೆರಗು ಎಳೆದುಕೊಂಡು, "ಅಕ್ಕಾ, ನಂಗೂ ಒಂದು ಗಂಟೈತೆ ಕಣಕ್ಕ. ಯುಗಾದಿಯಿಂದ. ಮನೇಲಿ ಯಾರ್ಗೂ ಯೋಳಿಲ್ಲ" ಅಂದಳು.

"ನಾಳೇನೇ ಬಾ, ನಾನ್ ಕರ್ಕೊಂಡ್ ಹೋಗ್ತೀನಿ."

"ಕಡ್ಲೆಕಾಯಿ ಕೀಳಾದು ಮುಗೀಲಿ ತಡಿ."

ಅಂಗಡಿ ಬಿಟ್ಟು ಹೊಲ ಕಾಣದ ನಜ್ಮುನ್ನೀಸಾ ಅಬ್ಬರಿಸಿದಳು: "ಅರೆ, ನಿನ್ ಕಡ್ಲೆಕಾಯಿ ನಾನ್ ಬಂದ್ ಕೀಳ್ತೀನಿ, ನೀನ್ ನಡಿ ಬೇಟಿ!"

ಕದರಮ್ಮ ನಕ್ಕಳು. ಬರ್ತೀನಿ ಅನ್ನಲಿಲ್ಲ.

ಬೆಳಗ್ಗೆ ಏಳೂವರೆಗೆ ಬಸ್ ಸ್ಟ್ಯಾಂಡಿನಲ್ಲಿ ಕಾಯುವುದು. ಬರದಿದ್ದರೆ ನಾವಿಬ್ಬರೂ ನೇರ ಅವಳ ಹೊಲಕ್ಕೇ ಹೋಗಿ, ಕಾಯಿ ಕಿತ್ತು ಮುಗಿಸಿ, ಆಮೇಲೆ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವುದು.