ಸದ್ಯದಲ್ಲೇ ಬರುವ ಔಷಧಿ

ಗುತ್ತೂರು, ಹರಿಹರ
14-10-1998

ವಾಣಕ್ಕನಿಗೆ ಆಶಾರಾಣಿಯ ಶರಣು.

ಎಲ್ಲರೂ ಕ್ಷೇಮ ಎಂದು ಬರೆಯುವ ಜಾಗದಲ್ಲಿ ಈ ಸಲ ಏನೂ ಬರೆಯುವುದಿಲ್ಲ. ನಿನ್ನ ಸಂದರ್ಶನ ಬಂದ ಪತ್ರಿಕೆಯನ್ನು ದಾವಣಗೆರೆಯಿಂದ ಯಾರೋ ತಂದುಕೊಟ್ಟರು. ಫೋಟೋದಲ್ಲಿ ಚೆನ್ನಾಗಿ ಕಾಣುತ್ತೀಯ. ಕ್ಯಾನ್ಸರ್‌ನಿಂದ ನರಳುತ್ತಿರುವ ತಂಗಿಯೇ ನಿನ್ನ ಸಂಶೋಧನೆಗೆ ಪ್ರೇರಣೆ ಎಂದಿದ್ದೀಯ. ನಮ್ಮ ಮನೆಯವರು ಅದನ್ನು ಓದಿ, ಪತ್ರಿಕೆ ಮಡಚಿಟ್ಟು ಫ್ಯಾಕ್ಟರಿಗೆ ಹೋದರು.

ಯುಗಾದಿಗೆ ನೀನು ಪುಣೆಯಿಂದ ಬಂದಿದ್ದೆ. ಆಗ ನನಗೆ ಎದೆಯ ಆಪರೇಷನ್ ಆಗಿ, ಕೀಮೋ ಇಂಜೆಕ್ಷನ್ ಅರ್ಧ ಮುಗಿದಿತ್ತು. ನನ್ನ ತಲೆಯಲ್ಲಿ ಕೂದಲಿಲ್ಲ, ಬಾಯಿತುಂಬ ಹುಣ್ಣು. ಹೋಳಿಗೆಯ ವಾಸನೆಗೇ ಬಚ್ಚಲಿಗೆ ಓಡಿದ್ದೆ. ನೀನು ಅಪ್ಪಾಜಿಯ ಅಂಗೈಯಲ್ಲಿ ಒಂದು ಸಾಸಿವೆ ಕಾಳಿಟ್ಟು, ಇದಕ್ಕಿಂತ ಎಷ್ಟೋ ಲಕ್ಷ ಪಾಲು ಸಣ್ಣ ಕಣ ಮಾಡುತ್ತಿದ್ದೇವೆ, ಔಷಧಿ ಹೊತ್ತು ರಕ್ತದಲ್ಲಿ ತಾನೇ ಈಜಿಕೊಂಡು ಹೋಗಿ ಗಡ್ಡೆಯ ಹತ್ತಿರ ಮಾತ್ರ ಇಳಿಸುತ್ತದೆ, ಕೂದಲು ಉದುರದು, ವಾಂತಿಯಾಗದು ಎಂದೆ.

“ನಮ್ಮ ಆಶಾಗೆ ಯಾವಾಗ ಕೊಡ್ತೀಯವ್ವಾ?” ಎಂದು ಅಪ್ಪಾಜಿ ಕೇಳಿದರು.

“ಸದ್ಯದಾಗ ಬರ್ತೈತೆ, ಅಪ್ಪಾಜಿ.”

ಆ ಕಣ ಇನ್ನೂ ಇಲಿಯ ಮೈಗೂ ಹೋಗಿಲ್ಲ, ಗಾಜಿನ ತಟ್ಟೆಯಲ್ಲೇ ಇದೆ, ಇಪ್ಪತ್ತು ವರ್ಷವಾದರೂ ಬೇಕು ಎಂದು ಪತ್ರಿಕೆಯವರಿಗೆ ಹೇಳಿದ್ದೀಯಲ್ಲ, ಅಷ್ಟನ್ನು ಅವತ್ತು ಅಪ್ಪಾಜಿಗೆ ಹೇಳಲು ನಿನಗೇನಾಗಿತ್ತು?

ಮುಂದಿನ ಇಂಜೆಕ್ಷನ್‌ಗೆ ಅಪ್ಪಾಜಿ ನನ್ನನ್ನು ಕಳಿಸಲಿಲ್ಲ. “ನಮ್ಮ ವಾಣಿದು ಬರೋತನಕ ತಡೀತೀವಿ, ಈ ವಿಷ ಬ್ಯಾಡ” ಎಂದು ಡಾಕ್ಟರಿಗೆ ಹೇಳಿಬಂದರು. ಡಾಕ್ಟರು ಬೈದರು. ನಮ್ಮ ಮನೆಯವರು ಜಗಳವಾಡಿ ಸೋತರು. ನನಗೂ ಮೈಯಲ್ಲಿ ತ್ರಾಣವಿರಲಿಲ್ಲ, ಸುಮ್ಮನಾದೆ.

ಆಷಾಢ ಬಂದರೂ ನಿನ್ನಿಂದ ಸುದ್ದಿಯಿಲ್ಲ. ಮಂಡಿಯ ಅಂಗಡಿಯಲ್ಲಿ ಮೊದಲಿನಿಂದ ಜೊತೆಗಿರುವ ಮೌಲಾ ಸಾಬರನ್ನು ಕರೆದುಕೊಂಡು ಅಪ್ಪಾಜಿ ಪುಣೆಗೆ ರೈಲು ಹತ್ತಿದರು. ಔಷಧಿ ಕೆಡಬಾರದೆಂದು ದೊಡ್ಡ ಥರ್ಮಾಸ್ ತುಂಬ ಐಸು ಒಯ್ದಿದ್ದರು. ಬರಿಗೈಯಲ್ಲಿ ತಿರುಗಿ ಬಂದು, “ವಾಣಿ ಊರಾಗ ಇರ್ಲಿಲ್ಲ” ಎಂದರು. ನಂಬಿದೆವು.

ಹೋದ ವಾರ ಮೌಲಾ ಸಾಬರು ನನ್ನನ್ನು ನೋಡಲು ಬಂದು, ಮಂಚದ ಪಕ್ಕ ಕೂತು ಅತ್ತರು.

“ಅಕ್ಕಾರು ಸಿಕ್ಕಿದ್ರು ಕಣವ್ವಾ. ಯಾರೋ ದೊಡ್ಡ ಸಾಹೇಬ್ರ ಜೊತಿ ಮೆಟ್ಟಿಲು ಇಳಿದು ಬರ್ತಿದ್ರು. ಇವರ‍್ಯಾರು ಅಂತ ಸಾಹೇಬ್ರು ಕೇಳಿದ್ರು. ನಮ್ಮ ಊರ ಕಡೆಯೋರು ಅಂತ ಅಕ್ಕಾರು ಹಿಂದಿಯಾಗ ಅಂದ್ರು. ಯಜಮಾನ್ರಿಗೆ ತಿಳಿಯಂಗಿಲ್ಲ ಅಂದ್ಕಂಡ್ರೇನೋ. ಜನ್ಮೆಲ್ಲ ಮಂಡಿಯಾಗ ವ್ಯಾಪಾರ ಮಾಡಿದೋರಿಗೆ ಅಷ್ಟು ಹಿಂದಿ ತಿಳಿಯಂಗಿಲ್ಲೇನು? ಚಾ ಕುಡಿಸಿ, ಮೀಟಿಂಗ್ ಐತೆ ಅಂತ ಹೋದ್ರು. ಯಜಮಾನ್ರು ಔಷಧಿ ಮಾತೇ ತೆಗೀಲಿಲ್ಲ.”

ಅಪ್ಪಾಜಿ ಇವತ್ತಿನವರೆಗೂ ಆ ಬಗ್ಗೆ ಬಾಯಿ ಬಿಟ್ಟಿಲ್ಲ. ಯಾರಾದರೂ ಕೇಳಿದರೆ, ನನ್ನ ಮಗಳು ದೊಡ್ಡ ಕೆಲಸದಲ್ಲಿದ್ದಾಳೆ ಎನ್ನುತ್ತಾರೆ.

ಈಗ ಅದು ನನ್ನ ಬೆನ್ನುಮೂಳೆಗೆ ಇಳಿದಿದೆ. ಇಂಜೆಕ್ಷನ್ ಮತ್ತೆ ಶುರುವಾಗಿದೆ. ಈ ಸಲ ಡಾಕ್ಟರು ಬೈಯಲಿಲ್ಲ. ಅದರಿಂದಲೇ ನನಗೆ ಗೊತ್ತಾಯಿತು.

ನಿನ್ನ ಕೆಲಸ ಬಿಡು ಎನ್ನುವುದಿಲ್ಲ. ಆ ಕಣ ಈಜುವುದನ್ನು ಕಲಿತು, ಯಾರದೋ ಮನೆಯ ಹೆಣ್ಣುಮಗಳು ಉಳಿದರೆ ಒಳ್ಳೆಯದೇ. ಆದರೆ ಎಲ್ಲಿಯೂ ನನ್ನ ಮಾತೆತ್ತಬೇಡ. ಭಾಷಣಕ್ಕೆ ಬೇಕೆಂದು ನನ್ನ ಫೋಟೋ ಕೇಳಿದ್ದೀಯ. ಕಳಿಸುವುದಿಲ್ಲ. ಬರುವುದಾದರೆ ಅಪ್ಪಾಜಿಯನ್ನು ನೋಡಲು ಬಾ. ನನಗಾಗಿ ಬೇಡ.

ಇಂತಿ,
ಆಶಾರಾಣಿ

ತಾ.ಕ.: ಆಪರೇಷನ್ ಆದ ಕಡೆಯ ಕೈ ಊದಿಕೊಂಡು ನನಗೆ ಪೆನ್ನು ಹಿಡಿಯಲಾಗುತ್ತಿಲ್ಲ. ನಮ್ಮ ಮನೆಯವರು ಕೆಲಸಕ್ಕೆ ಹೋಗಿದ್ದಾರೆ. ಅಕ್ಷರ ಯಾರದೆಂದು ನಿನಗೆ ಮೊದಲ ಸಾಲಿಗೇ ತಿಳಿದಿರಬೇಕು. ಮೌಲಾ ಸಾಬರು ಹೇಳಿದ್ದನ್ನು ನಾನು ಹೇಳತೊಡಗಿದಾಗ ಪೆನ್ನು ನಿಲ್ಲಿಸಿ, “ಇದನ್ನೂ ಬರೀಬೇಕೇನವ್ವಾ?” ಎಂದರು. ಬರೀರಿ ಅಪ್ಪಾಜಿ ಎಂದೆ. ಬರೆದಿದ್ದಾರೆ.