ಕರಡಿಯೊಳಗೆ ಇದ್ದವಳು

ಬಂಗಾರಪೇಟೆ, ಫೆಬ್ರವರಿ ೨೧, ಶುಕ್ರವಾರ

ಇನ್ನೂ ಮೈ ಉರಿಯುತ್ತಿದೆ. ವಿಶ್ವವಿದ್ಯಾಲಯದ ಆಟೋಟಗಳಲ್ಲಿ ಕುಣಿಯುವ ಕರಡಿ ವೇಷಕ್ಕೆ ಇಪ್ಪತ್ತು ವರ್ಷವಾಯಿತೆಂದು ಇವತ್ತು ಅದರ ಚರಿತ್ರೆಯ ಪುಸ್ತಕ ಬಿಡುಗಡೆ ಮಾಡಿದರು. 'ಮೊದಲು ವೇಷ ತೊಟ್ಟವನು ಒಬ್ಬ ಧೈರ್ಯವಂತ ಹುಡುಗ' ಎಂದು ಬರೆದಿದ್ದಾರೆ. ಹುಡುಗನಂತೆ! ಮಾರಿಕುಪ್ಪಂನಿಂದ ಬೆಳಗಿನ ರೈಲು ಹಿಡಿದು ಹೋಗಿ, ಮೂರು ವರ್ಷ ಅದರೊಳಗೆ ಬೆವರಿದವಳು ನಾನು. ಕಬಡ್ಡಿ ಫೈನಲ್ ದಿನ ಬಿಸಿಲಿಗೆ ಎಚ್ಚರ ತಪ್ಪಿ ಬಿದ್ದವಳೂ ನಾನೇ.

ಬರೆದ ಮೇಷ್ಟ್ರನ್ನೇ ಹೋಗಿ ಕೇಳಿದೆ.

"ಒಳಗೆ ಯಾರಿದ್ರೇನಮ್ಮ? ಫೋಟೋದಲ್ಲಿ ಮುಖ ಕಾಣಲ್ವಲ್ಲ" ಎಂದು ನಕ್ಕರು.

"ಹುಡುಗಿ ಅಂತ ಗೊತ್ತಾದ್ರೆ ಗಲಾಟೆ ಆಗುತ್ತೆ, ಕರಡಿ ತಲೆ ತೆಗೀಬೇಡ" ಎಂದು ಅವತ್ತು ಹೇಳಿದವರು ಇವರೇ!

ಪಕ್ಕದಲ್ಲಿದ್ದ ಈಗಿನ ಕರಡಿ ತಲೆ ಕಳಚಿತು. ಒಳಗೊಬ್ಬಳು ಹುಡುಗಿ. "ಅಕ್ಕಾ, ವಾಣಿಶ್ರೀ ಅಂದ್ರೆ ನೀವೇನಾ? ಮೈಬಟ್ಟೆ ಹೊಸದು, ತಲೆ ಹಳೇದೇ. ಒಳಗಡೆ ನಿಮ್ ಹೆಸರು ಬರ್ದಿದೆ, ನೋಡಿ."

ಮೇಷ್ಟ್ರು ಬಗ್ಗಿ ನೋಡಿದರು. "ಮುಂದಿನ ಮುದ್ರಣದಲ್ಲಿ ತಿದ್ದೋಣ" ಎಂದರು.

"ಈಗಲೇ ತಿದ್ದಿ ಸಾರ್" ಎಂದು ಪೆನ್ನು ಕೊಟ್ಟೆ. ನಾಲ್ಕು ಪ್ರತಿ ತಿದ್ದಿ ಊಟಕ್ಕೆ ಎದ್ದು ಹೋದರು. ಮಿಕ್ಕ ನೂರು ಪ್ರತಿಯನ್ನು ನಾನೂ ಆ ಹುಡುಗಿಯೂ ನೆಲದ ಮೇಲೆ ಕೂತು ತಿದ್ದಿದೆವು. ಬೆರಳು ನೋಯುತ್ತಿದೆ, ಇನ್ನು ಬರೆಯಲು ಆಗುತ್ತಿಲ್ಲ.