ವಿಜಯಶ್ರೀಯ ಬ್ಯಾಗು ಹೊರುವವರು ಯಾರು?

ಜುಲೈ 14, ಸೋಮವಾರ. ಬೆಳಿಗ್ಗೆ 5.30

ಹೈದರಾಬಾದಿಗೆ ಗಾಲ್ಫ್ ಕಲಿಸಿದವನು ನಾನೇ. ನಾನು ಬರುವ ಮೊದಲು ಇಲ್ಲಿನ ನವಾಬರೆಲ್ಲ ಕೋಲನ್ನು ತಲೆಕೆಳಗೆ ಹಿಡಿಯುತ್ತಿದ್ದರು. ಯಾರೂ ಬರೆಯುವುದಿಲ್ಲ ಇದನ್ನು. ಈ ಸಂಗಣ್ಣನೇ ಬರೆದಿಡಬೇಕು.

ಇವತ್ತು ಕ್ಲಬ್ಬಿಗೆ ರಜೆ. ಮೆಂಬರುಗಳ ಬ್ಯಾಗು ಹೊರುವ ನಾವು ಕ್ಯಾಡಿಗಳು ಆಡುವ ದಿನ. ಅಕ್ಕನ ಮಗಳು ವಿಜಯಶ್ರೀ ಕಲಿತದ್ದು ಇಂಥ ಸೋಮವಾರಗಳಲ್ಲೇ. ಅಕ್ಕ ಹುಸೇನಮ್ಮ ಮಣಿಕೊಂಡದಲ್ಲಿ ಇಟ್ಟಿಗೆ ಹೊರುತ್ತಿದ್ದಳು; ಮಗಳನ್ನು ನನ್ನ ಹತ್ತಿರ ಬಿಟ್ಟು ಹೋಗುತ್ತಿದ್ದಳು. ಮೆಂಬರೊಬ್ಬರು ಎಸೆದ ಮುರುಕು ಕೋಲು ಕತ್ತರಿಸಿ, ಹಿಡಿಕೆಗೆ ಸೈಕಲ್ ಟ್ಯೂಬ್ ಸುತ್ತಿ ಕೊಟ್ಟೆ. ಹತ್ತೊಂಬತ್ತಕ್ಕೆ ಪ್ರೊ ಆದಳು. ಈಗ ಇಪ್ಪತ್ತಮೂರು. ಜೂನಿನ ಟ್ರಯಲ್ ಗೆದ್ದು ದೇಶದ ತಂಡ ಸೇರಿದಳು — ಆವತ್ತೂ ಬ್ಯಾಗು ನನ್ನ ಹೆಗಲ ಮೇಲೆಯೇ. ತಂಡದಲ್ಲಿ ಮೂವರೇ ಹುಡುಗಿಯರು. ಮುಂದಿನ ತಿಂಗಳು ಥಾಯ್ಲೆಂಡ್. ನಾನೂ ಹೋಗಬೇಕಲ್ಲ! ಪಾಸ್‌ಪೋರ್ಟ್ ರೆಡಿ. ಫೋಟೋದಲ್ಲಿ ಹೀರೋ ಥರ ಬಂದಿದ್ದೇನೆ.

ಜುಲೈ 15. ಸಂಜೆ

ತಂಡದ ಆಫೀಸಿನ ಹರ್ಷದಾ ಮೇಡಂ ಬಂದಿದ್ದರು. ಆಟಗಾರರ ಹಿನ್ನೆಲೆ ಬರೆದು ಚಿಕ್ಕ ಪುಸ್ತಕ ಮಾಡುತ್ತಾರಂತೆ. ಮೇಡಂ ಹುಟ್ಟಿದ್ದು ಇಲ್ಲೇ, ಆದರೂ ಮನೆಮಾತು ಕನ್ನಡ.

"ಕಾಕಾ, ಆಕಿಗೆ ಮೊದಲು ಕಲಿಸಿದವ್ರು ಯಾರ್ರೀ?"

"ನಾನೇರೀ. ಆಕಿ ನಡಿಯೂಕಿಂತ ಮೊದಲ ಸ್ವಿಂಗ್ ಕಲಿಸೀನಿ."

"ಖರೇನ?"

"ಸುಳ್ಳಂದ್ರ ನನಗ ಮೈಯೆಲ್ಲ ತುರಿಕಿ ಬರ್ತೈತ್ರೀ."

ಎರಡು ತಾಸು ಹೇಳಿದೆ. ಬರೆದೂ ಬರೆದೂ ಅವರ ಪೆನ್ನೇ ಮುಗಿಯಿತು.

ಜುಲೈ 19

ಪುಸ್ತಕ ಬಂತು. 'ಕ್ಲಬ್ಬಿನ ಕೋಚ್ ಗುರುತಿಸಿದ ಪ್ರತಿಭೆ' ಅಂತೆ! ಕೋಚ್ ಬಂದದ್ದು ಇವಳಿಗೆ ಹದಿನೈದು ತುಂಬಿದ ಮೇಲೆ. ನಾನೆಲ್ಲಿ? 'ಕುಟುಂಬದ ಬೆಂಬಲ'. ಈ ಎರಡು ಪದದೊಳಗೆ ನಾನು, ಅಕ್ಕ, ಸೈಕಲ್ ಟ್ಯೂಬ್ ಎಲ್ಲ ತುರುಕಿಕೊಂಡು ಕೂತಿದ್ದೇವೆ.

ಕೆಳಗೆ ಇನ್ನೂ ದೊಡ್ಡ ಅನ್ಯಾಯ. ಕ್ಯಾಡಿ: ಕೌಸ್ತುಭ, ಪುಣೆ. ಯಾರವನು? ಹುಲ್ಲಿನ ಇಳಿಜಾರನ್ನು ಫೋನಿನಲ್ಲಿ ಲೆಕ್ಕ ಹಾಕುತ್ತಾನಂತೆ. ನಾನು ಚಪ್ಪಲಿ ಬಿಟ್ಟು ನಿಂತರೆ ಸಾಕು, ಚೆಂಡು ಎತ್ತ ಹೊರಳುತ್ತದೆಂದು ಅಂಗಾಲು ಹೇಳುತ್ತದೆ.

ಮೇಡಂಗೆ ಫೋನ್ ಹಚ್ಚಿದೆ. "ಪ್ರಿಂಟಿಂಗ್ ಮಿಸ್ಟೇಕ್ ಆಗೈತ್ರೀ."

"ಇಲ್ಲ ಕಾಕಾ. ಕೌಸ್ತುಭನ ಹೆಸರು ವಿಜಯಶ್ರೀನೇ ಬರದು ಕೊಟ್ಟಾಳ."

ಜುಲೈ 26. ಸಂಜೆ

ಆರು ದಿನ ಬರೆಯಲಿಲ್ಲ. ಸಿಟ್ಟಿಗೆ ಅಕ್ಷರ ಮೂಡಲಿಲ್ಲ.

ಇವತ್ತು ತಾನಾಗಿಯೇ ಬಂದಳು. ನೀರೂ ಕುಡಿಯಲಿಲ್ಲ.

"ಮಾಮ, ಟ್ರಯಲ್‌ನಾಗ ನನ್ನ ಬ್ಯಾಗ್ ಹೊತ್ಕೊಂಡು, ನಾ ಸೋಲ್ತೀನಂತ ಸಾಬಣ್ಣನ ಕೂಡ ಪಂದ್ಯ ಕಟ್ಟಿದ್ಯಂತ?"

ಸಾಬಣ್ಣ! ನನ್ನ ಜೊತೆಗೇ ಬ್ಯಾಗು ಹೊರುವವನು, ನನ್ನ ಬೀಡಿಯನ್ನೇ ಸೇದುವವನು.

ಕಟ್ಟಿದ್ದೆ. ಏನೀಗ? ನಮ್ಮ ಕ್ಯಾಡಿ ಶೆಡ್ಡಿನ ಪದ್ಧತಿ ಅದು. ತನ್ನ ಆಟಗಾರ ಸೋಲುತ್ತಾನೆಂದು ಪ್ರತಿಯೊಬ್ಬ ಕ್ಯಾಡಿಯೂ ನೂರು ರೂಪಾಯಿ ಕಟ್ಟುತ್ತಾನೆ. ಗೆದ್ದರೆ ಆಟಗಾರನೇ ಖುಷಿಯಿಂದ ಕೈತುಂಬ ಕೊಡುತ್ತಾನೆ. ಸೋತರೆ ಈ ನೂರಾದರೂ ದಕ್ಕುತ್ತದೆ. ದೃಷ್ಟಿಯೂ ತಾಗುವುದಿಲ್ಲ.

"ಪದ್ಧತಿ ನನಗೂ ಗೊತ್ತೈತಿ," ಅಂದಳು. "ಒಂದ ಕೇಳ್ತೀನಿ. ಕಡೀ ಹೋಲ್‌ನಾಗ ಎಡಕ್ಕ ಹೊಡಿ ಅಂದಿ. ನಾ ಬಲಕ್ಕ ಹೊಡದೆ, ಚೆಂಡು ಒಳಗ ಬಿತ್ತು. ನೀ ಖರೇನ ನೋಡಿ ಹೇಳಿದ್ಯೋ, ಇಲ್ಲಾ ಪಂದ್ಯಕ್ಕ ಹೇಳಿದ್ಯೋ?"

ಮೈ ಉರಿಯಿತು. ಎತ್ತಿ ಆಡಿಸಿದವನಿಗೆ ಕೇಳುವ ಮಾತೇ ಇದು?

"ನೂರು ರೂಪಾಯಿಗೆ ನಿನ್ನ ಬಾಳೇವು ಕೆಡಿಸ್ತೀನೇನ ಹುಡುಗಿ?"

ನನ್ನ ಮುಖ ನೋಡಿದಳು. ಆಮೇಲೆ ನೀರು ಕೇಳಿದಳು.

"ಬರೇ ನೂರ ಅಂದ್ರ ನಂಬ್ತೀನಿ ಮಾಮ. ಕೌಸ್ತುಭಗ ಬ್ಯಾಡಂತ ಹೇಳ್ತೀನಿ. ನೀನ ಬಾ."

ಜುಲೈ 27, ಭಾನುವಾರ. ಮಧ್ಯಾಹ್ನ

ಮೆಹದಿಪಟ್ಟಣಂಗೆ ಹೋಗಿ ಬೂಟು ತಂದೆ. ಬಿಳಿಯದು. ಶೆಡ್ಡಿನಲ್ಲಿ ಎಲ್ಲರಿಗೂ ತೋರಿಸಿದೆ. ಸಾಬಣ್ಣ ಮಾತ್ರ ಬೂಟು ನೋಡಲಿಲ್ಲ.

"ಆಕಿಗೆ ಎಷ್ಟಂತ ಹೇಳಿದ್ಯೋ ಅಣ್ಣ?"

"ನಿನಗ್ಯಾಕ? ನಿನ್ನ ರೊಕ್ಕ ನಿನಗ ಮುಟ್ಟಿಲ್ಲೇನು?"

"ಮುಟ್ಟೈತಿ. ಅದಕ್ಕ ಕೇಳಾಕತ್ತೀನಿ."

ಇವನೊಬ್ಬ ಜಡ್ಜ್ ಸಾಹೇಬ! ಬೈದು ಬಂದೆ. ದಾರಿಯುದ್ದಕ್ಕೂ ಬೈದೆ — ಅವನನ್ನು, ಕೋಚನ್ನು, ಆ ಪುಸ್ತಕವನ್ನು. ಮನೆಗೆ ಬಂದ ಮೇಲೆ ಬೈಯಲು ಯಾರೂ ಉಳಿದಿರಲಿಲ್ಲ.

ಎಡಕ್ಕೆ ಅಂದದ್ದು ಅಂಗಾಲು ಹೇಳಿದ್ದನ್ನೇ. ಆಣೆ ಮಾಡಿ ಬರೆಯುತ್ತೇನೆ. ನನ್ನ ಕಾಲು ಆವತ್ತು ತಪ್ಪಿತು, ಅಷ್ಟೇ. ಆದರೆ ಪಂದ್ಯ ಕಟ್ಟಿದಾಗ ತಪ್ಪಿದ್ದು ಕಾಲಲ್ಲ. ಟ್ರಯಲ್‌ನ ಮೊದಲ ದಿನ ಆರು ಹೊಡೆತ ಹಿಂದೆ ಬಿದ್ದಿದ್ದಳು. ಇವಳ ಕೈಯಲ್ಲಿ ಆಗುವುದಿಲ್ಲ ಎಂದುಕೊಂಡೆ. ನಾನೇ. ಸಂಜೆ ಮನೆಗೆ ಬಂದು ದುಡ್ಡು ಕೂಡಿಟ್ಟ ಟ್ರಂಕು ತೆಗೆದೆ. ದೃಷ್ಟಿ ತಾಗದಿರಲು ನೂರು ಸಾಕಾಗುತ್ತಿತ್ತು.

ನಾಳೆ ಕೌಸ್ತುಭನಿಗೆ ಬೇಡವೆಂದು ಹೇಳುತ್ತಾಳೆ. ಇವತ್ತೇ ಫೋನ್ ಮಾಡಬೇಕು. ಮೊದಲು ಇಲ್ಲಿ ಬರೆದು ನೋಡುತ್ತೇನೆ.

ನೂರಲ್ಲ ವಿಜಯಶ್ರೀ. ಇಪ್ಪತ್ತೆರಡು ಸಾವಿರ —